ಪಿಯಾನೋ ಮತ್ತು ಶ್ರೀವಿದ್ಯೆ: ಜಯಚಾಮರಾಜ ಒಡೆಯರ ಸಂಗೀತ ಜೀವನ

ಮೈಸೂರಿನ ಕೊನೆಯ ಅರಸರಾದ ಜಯಚಾಮರಾಜ ಒಡೆಯರನ್ನು (1919-1974) ಕನ್ನಡದ ಬರಹಗಳು ಸಾಮಾನ್ಯವಾಗಿ ಪೋಷಕರೆಂದು ಗುರುತಿಸುತ್ತವೆ. ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡ ಅನುವಾದದೊಡನೆ ಹೊರತಂದ ಗ್ರಂಥಮಾಲೆಗಳು ಅವರ ಹೆಸರಿನಲ್ಲಿರುವುದರಿಂದ ಈ ಗುರುತು ತಪ್ಪೇನಲ್ಲ. ಆದರೆ ಪೋಷಕ ಎಂಬ ಪದವು ಅವರೊಳಗಿನ ಸಂಗೀತಗಾರನನ್ನು ಬಹುಮಟ್ಟಿಗೆ ಮರೆಮಾಡಿದೆ. ಸಂಗೀತ ಅವರ ವೃತ್ತಿಯಾಗಿರಲಿಲ್ಲ. ಆ ಅರ್ಥದಲ್ಲಿ ಅವರು ಹವ್ಯಾಸಿ. ಆ ಹವ್ಯಾಸದ ಹಿಂದೆ ವೃತ್ತಿಪರರಿಗೆ ಸಮನಾದ ಶಿಸ್ತಿತ್ತೆಂಬುದು ಅವರ ಜೀವನವನ್ನು ಕಾಲಾನುಕ್ರಮದಲ್ಲಿ ನೋಡಿದಾಗ ತಿಳಿಯುತ್ತದೆ.

1919ರ ಜುಲೈ 18ರಂದು ಜನಿಸಿದ ಅವರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಏಕೈಕ ಪುತ್ರರು. ತಂದೆಗೆ ಪಾಶ್ಚಾತ್ಯ ಸಂಗೀತದಲ್ಲಿ ಆಸಕ್ತಿಯಿತ್ತು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ವೀಣೆ ಮತ್ತು ಗಾಯನದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಇಂತಹ ಮನೆಯಲ್ಲಿ ಬೆಳೆದ ಬಾಲಕನು ಪಿಯಾನೋ ಅಭ್ಯಾಸ ಮಾಡಿದುದು ಅಚ್ಚರಿಯಲ್ಲ. 1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದರು. ಅದೇ ಅವಧಿಯಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಮನ್ನಣೆಯೂ ದೊರೆಯಿತು. 1940ರ ಮಾರ್ಚ್ ತಿಂಗಳಲ್ಲಿ ತಂದೆ, ಆಗಸ್ಟ್ ತಿಂಗಳಲ್ಲಿ ದೊಡ್ಡಪ್ಪ ತೀರಿಕೊಂಡರು. ಇಪ್ಪತ್ತೊಂದರ ಹರೆಯದ ಪಿಯಾನೋವಾದಕ ಆ ಸೆಪ್ಟೆಂಬರಿನಲ್ಲಿ ಸಿಂಹಾಸನವೇರಿದರು.

ಮುಂದೆ ಅವರು ಪಾಶ್ಚಾತ್ಯ ಸಂಗೀತವನ್ನು ಬಿಟ್ಟು ಕರ್ನಾಟಕ ಸಂಗೀತಕ್ಕೆ ಮರಳಿದರೆಂದು ಹೇಳುವುದು ವಾಡಿಕೆ. ಈ ಮಾತು ಕೇಳಲು ಹಿತವಾಗಿದ್ದರೂ ಇಸವಿಗಳು ಅದನ್ನು ಸಮರ್ಥಿಸುವುದಿಲ್ಲ. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿ ನೀಡಿದುದು 1945ರಲ್ಲಿ; ಕೃತಿರಚನೆ ಆರಂಭವಾದುದೂ 1940ರ ದಶಕದ ಮಧ್ಯಭಾಗದಲ್ಲಿಯೇ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಅವರು ಮೊದಲ ಅಧ್ಯಕ್ಷರಾದಾಗ ಕೃತಿರಚನೆ ಆರಂಭವಾಗಿ ಕೆಲವು ವರ್ಷಗಳಾಗಿದ್ದವು. ಎರಡು ಸಂಗೀತಗಳೂ ಅವರಲ್ಲಿ ಜೊತೆಜೊತೆಯಾಗಿ ಬೆಳೆದವೆನ್ನುವುದೇ ಸರಿ.

ರಷ್ಯಾದ ಪಿಯಾನೋವಾದಕ, ರಚನಕಾರ ನಿಕೊಲಾಯ್ ಮೆಟ್ನರ್ (1880-1951) ಅವರ ಪ್ರಸಂಗ ಇಲ್ಲಿ ವಿಶೇಷವಾಗಿ ಗಮನಾರ್ಹ. 1935ರಿಂದ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮೆಟ್ನರ್ ವಯಸ್ಸಾದ, ಅನಾರೋಗ್ಯದಿಂದ ಬಳಲುತ್ತಿದ್ದ ಕಲಾವಿದರು. ಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತ್ತು. ನವ್ಯ ಪ್ರಯೋಗಗಳನ್ನು ಒಪ್ಪದ ಅವರ ಸಂಗೀತಕ್ಕೆ ಆಗ ಕೇಳುಗರು ವಿರಳ. ಅಂತಹವರ ರಚನೆಗಳನ್ನು ಅವರದೇ ವಾದನದಲ್ಲಿ ಧ್ವನಿಮುದ್ರಿಸಲೆಂದು ಮೈಸೂರಿನ ಅರಸರು ಮೆಟ್ನರ್ ಸೊಸೈಟಿಯನ್ನು ಬೆಂಬಲಿಸಿದರು. ಮೂರು ಪಿಯಾನೋ ಕಾನ್ಸರ್ಟೋಗಳೂ ಹಲವು ಬಿಡಿ ರಚನೆಗಳೂ ಹೀಗೆ ಉಳಿದುಬಂದವು. ಮೆಟ್ನರ್ ತಮ್ಮ ಮೂರನೆಯ ಕಾನ್ಸರ್ಟೋವನ್ನು ಅರಸರಿಗೆ ಅರ್ಪಿಸಿದರು. ಜನಪ್ರಿಯರಾದವರಿಗೆ ಹಣ ನೀಡಲು ಸಂಪತ್ತು ಸಾಕು. ಮೆಟ್ನರ್ ಅವರನ್ನು ಆರಿಸಿಕೊಳ್ಳಲು ಸ್ವರಲಿಪಿಯನ್ನು ಓದಬಲ್ಲ ಕಣ್ಣೂ ನುಡಿಸಿ ತಿಳಿದ ಬೆರಳೂ ಬೇಕು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲಬಾರಿಗೆ ಪ್ರಸ್ತುತಗೊಂಡುದೂ ಇವರ ಆರ್ಥಿಕ ಭರವಸೆಯಿಂದ. ಅರಸರಿಗೆ ಅಲ್ಲಿರಲು ಸಾಧ್ಯವಾಗಲಿಲ್ಲ. ಅವರಿಗಾಗಿ ಅದನ್ನು ಧ್ವನಿಮುದ್ರಿಸಲಾಯಿತು.

ಕರ್ನಾಟಕ ಸಂಗೀತದಲ್ಲಿ ಅವರಿಗೆ ವೀಣೆ ವೆಂಕಟಗಿರಿಯಪ್ಪನವರ ಶಿಕ್ಷಣವೂ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನವೂ ದೊರೆತವು. ಶ್ರೀವಿದ್ಯಾ ಉಪಾಸಕರಾಗಿದ್ದ ಅವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅಠಾಣ ರಾಗದ ಗಣಪತಿ ಕೃತಿ ಮತ್ತು ಗಂಭೀರನಾಟ ರಾಗದ ಜಾಲಂಧರ ಕೃತಿ ಕಚೇರಿಗಳಲ್ಲಿ ಪರಿಚಿತವಾಗಿವೆ. ಅರಸರ ಹೆಸರಿನ ರಚನೆಗಳಲ್ಲಿ ಆಸ್ಥಾನ ವಿದ್ವಾಂಸರ ಪಾಲೆಷ್ಟು ಎಂಬ ಸಂದೇಹ ಸಹಜ. ವಾಸುದೇವಾಚಾರ್ಯರ ಕೃತಿಗಳ ಸರಳ, ಲಲಿತ ನಡೆಯನ್ನು ಬಲ್ಲವರಿಗೆ ಇಲ್ಲಿನ ತಂತ್ರಶಾಸ್ತ್ರದ ಪರಿಭಾಷೆ, ದೀರ್ಘ ಸಮಾಸಗಳು, ಅಪರೂಪದ ರಾಗಗಳ ಆಯ್ಕೆ ಬೇರೊಂದು ಮನಸ್ಸಿನವೆಂದು ತೋರದೆ ಇರದು. ಸಲಹೆಯನ್ನು ಕರ್ತೃತ್ವವೆಂದು ಭಾವಿಸಬೇಕಿಲ್ಲ.

ಕನ್ನಡದ ಅಭ್ಯಾಸಿಗಳನ್ನು ಕಾಡುವ ಸಂಗತಿ ಇನ್ನೊಂದು. ಈ 94 ಕೃತಿಗಳ ಭಾಷೆ ಸಂಸ್ಕೃತ. ಇದೇ ವಂಶದ ಚಿಕ್ಕದೇವರಾಜರ ಹೆಸರಿನ ಗೀತಗೋಪಾಲ ಕನ್ನಡದ್ದು. ನಾಲ್ವಡಿಯವರ ಇಚ್ಛೆಯಂತೆ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯನ್ನು ಕುರಿತು 108 ಕೃತಿಗಳನ್ನು ರಚಿಸಿದುದೂ ಕನ್ನಡದಲ್ಲಿ. ಅರಮನೆಯಲ್ಲಿಯೇ ಮಾದರಿಯಿರುವಾಗ, ವೇದಪುರಾಣಗಳನ್ನು ಕನ್ನಡಕ್ಕೆ ತರಿಸಿದ ಅರಸರು ತಮ್ಮ ಹಾಡುಗಳಿಗೆ ಮಾತ್ರ ಕನ್ನಡವನ್ನು ಏಕೆ ಆರಿಸಲಿಲ್ಲ? ಅನುವಾದ ಪ್ರಜೆಗಳಿಗಾಗಿ, ಕೃತಿ ಉಪಾಸನೆಗಾಗಿ ಎಂಬ ವಿಭಜನೆ ಅವರ ಮನಸ್ಸಿನಲ್ಲಿತ್ತೆಂದು ಊಹಿಸಬಹುದು. ಬೀಜಾಕ್ಷರ, ಚಕ್ರ, ಆವರಣಗಳ ಪರಿಭಾಷೆಗೆ ಮುತ್ತುಸ್ವಾಮಿ ದೀಕ್ಷಿತರು ಹಾಕಿಕೊಟ್ಟ ಸಂಸ್ಕೃತದ ದಾರಿ ಎದುರಿಗೇ ಇತ್ತು. ಕಾರಣವೇನೇ ಇರಲಿ, ಈ ಆಯ್ಕೆಯಿಂದ ಅವರ ಕೃತಿಗಳು ಕನ್ನಡ ಸಾಹಿತ್ಯ ಚರಿತ್ರೆಯ ಹೊರಗುಳಿದವು. ಮೈಸೂರಿನ ಗೇಯಪರಂಪರೆಯನ್ನು ಭಾಷೆಯ ಗಡಿಯೊಳಗೆ ಮಾತ್ರ ಓದುವ ನಮ್ಮ ಕ್ರಮಕ್ಕೂ ಇದರಲ್ಲಿ ಪಾಲಿದೆ.

1950ರ ನಂತರ ರಾಜಪ್ರಮುಖರಾಗಿ, 1956ರಿಂದ ಮೈಸೂರು ರಾಜ್ಯದ, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿ ಅವರು ಕಾರ್ಯನಿರ್ವಹಿಸಿದರು. ಸಂಗೀತ ನಾಟಕ ಅಕಾಡೆಮಿಯು 1966ರಲ್ಲಿ ತನ್ನ ಫೆಲೋ ಗೌರವವನ್ನು ನೀಡಿತು. 1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.