ಹೆನ್ರಿ ವೆಲ್ಕಮ್ ಬರೆದಿಟ್ಟ ಉಯಿಲು

ರಜೆ ಬಂತೆಂದರೆ ನೈರೋಬಿಯ ನಾವೆಲ್ಲ ಮೊಂಬಾಸಾ ಕಡೆ ಹೊರಡುತ್ತೇವೆ. ಹೊರಡುವ ಮೊದಲು ಅಮ್ಮಂದಿರು ಮಲೇರಿಯಾ ಮಾತ್ರೆಯ ನೆನಪು ಮಾಡುತ್ತಾರೆ. ಮೊಂಬಾಸಾದಿಂದ ಮಾಲಿಂದಿ ರಸ್ತೆ ಹಿಡಿದರೆ ನಡುವೆ ಕಿಲಿಫಿ ಎಂಬ ಊರು ಸಿಗುತ್ತದೆ. ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಹೊಂದಿಕೊಂಡೇ ಮಕ್ಕಳ ಕಾಯಿಲೆಗಳ ಬಗ್ಗೆ ದೊಡ್ಡ ಸಂಶೋಧನೆ ನಡೆಯುತ್ತಿದೆ. ಅದಕ್ಕೆ ಬರುವ ಹಣದ ದೊಡ್ಡ ಪಾಲು 1936ರಲ್ಲೇ ತೀರಿಕೊಂಡ ಒಬ್ಬ ಔಷಧ ವ್ಯಾಪಾರಿಯ ಆಸ್ತಿಯಿಂದ ಬಂದದ್ದು. ಅವರೇ ಸರ್ ಹೆನ್ರಿ ವೆಲ್ಕಮ್.

ವೆಲ್ಕಮ್ ಹುಟ್ಟಿದ್ದು 1853ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಪುಟ್ಟ ಮನೆಯಲ್ಲಿ. ಮುಂದೆ ಮಿನ್ನೆಸೋಟಾದಲ್ಲಿ ತಂದೆಯ ಸಹೋದರರ ಔಷಧದ ಅಂಗಡಿಯಲ್ಲಿ ಕೆಲಸ ಕಲಿತರು. ಹದಿನಾರನೆಯ ವಯಸ್ಸಿಗೆ ಕಣ್ಣಿಗೆ ಕಾಣದ ಶಾಯಿ ಎಂದು ಜಾಹೀರಾತು ಕೊಟ್ಟು ಮಾರಾಟ ಶುರುಮಾಡಿದರು. ಅದು ಬರೀ ನಿಂಬೆರಸ! ಮಕ್ಕಳೇ, ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಕಾಗದವನ್ನು ಬಿಸಿ ಮಾಡುವಾಗ ಮಾತ್ರ ದೊಡ್ಡವರು ಜೊತೆಗಿರಲಿ.

ಫಿಲಡೆಲ್ಫಿಯಾದಲ್ಲಿ ಔಷಧಶಾಸ್ತ್ರ ಓದಿ, 1880ರಲ್ಲಿ ಲಂಡನ್ನಿಗೆ ಬಂದು ಗೆಳೆಯ ಸೈಲಸ್ ಬರೋಸ್ ಜೊತೆ ಕಂಪನಿ ತೆರೆದರು. ಆಗ ಔಷಧವೆಂದರೆ ಬಹುಮಟ್ಟಿಗೆ ಅಂಗಡಿಯವರು ಕೈಯಲ್ಲಿ ಅರೆದು ಕಟ್ಟಿಕೊಟ್ಟ ಪುಡಿ. ಒಂದು ಪೊಟ್ಟಣದ ಅಳತೆ ಇನ್ನೊಂದಕ್ಕೆ ಸರಿಹೋಗುತ್ತಿರಲಿಲ್ಲ. ಇವರು ಯಂತ್ರದಲ್ಲಿ ಒತ್ತಿದ, ಒಂದೇ ಅಳತೆಯ ಮಾತ್ರೆಗಳನ್ನು ಮಾರಿದರು. 1884ರಲ್ಲಿ ವೆಲ್ಕಮ್ ಅದಕ್ಕೆ ಟ್ಯಾಬ್ಲಾಯ್ಡ್ ಎಂಬ ಹೆಸರು ಹುಟ್ಟಿಸಿದರು. ಆ ಹೆಸರು ಮುಂದೆ ಸಣ್ಣ ಗಾತ್ರದ ಪತ್ರಿಕೆಗಳಿಗೆ ಅಂಟಿಕೊಂಡಿತು.

ಆ ಕಾಲದಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ಕಾಯಿಲೆಗಳಲ್ಲಿ ಗಂಟಲಮಾರಿ ಒಂದು. ಗಂಟಲಲ್ಲಿ ಪೊರೆ ಕಟ್ಟಿ ಮಗು ಉಸಿರಾಡಲಾಗದೆ ಸಾಯುತ್ತಿತ್ತು. ಕುದುರೆಗೆ ಆ ರೋಗದ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿವಿಷ ಹುಟ್ಟುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದರು. ಅದನ್ನು ತಯಾರಿಸಲೆಂದೇ 1894ರಲ್ಲಿ ಕಂಪನಿ ಪ್ರಯೋಗಾಲಯ ಆರಂಭಿಸಿತು. ಮರುವರ್ಷ ಬರೋಸ್ ತೀರಿಕೊಂಡು, ಕಂಪನಿ ವೆಲ್ಕಮ್ ಒಬ್ಬರ ಕೈಗೆ ಬಂತು. ಮುಂದೆ ಸುಡಾನಿನ ಖಾರ್ಟೂಮಿನಲ್ಲಿಯೂ ಅವರು ಪ್ರಯೋಗಾಲಯ ಮಾಡಿಸಿಕೊಟ್ಟರು.

ಮನೆಯ ಕಥೆ ಬೇರೆ. 1901ರಲ್ಲಿ ಅವರು ಮದುವೆಯಾದ ಸೈರೀ, ಅನಾಥ ಮಕ್ಕಳ ಆಶ್ರಮಗಳಿಗೆ ಹೆಸರಾದ ಬರ್ನಾರ್ಡೋ ಅವರ ಮಗಳು. 1903ರಲ್ಲಿ ಒಬ್ಬ ಮಗ ಹುಟ್ಟಿದ. ಆ ಮಗುವನ್ನು ತೀರ ಸಣ್ಣ ವಯಸ್ಸಿನಲ್ಲೇ ಬೇರೆಯವರ ಮನೆಯಲ್ಲಿ ಬೆಳೆಯಲು ಬಿಟ್ಟರು. 1916ರಲ್ಲಿ ವಿಚ್ಛೇದನವೂ ಆಯಿತು. ಊರ ಮಕ್ಕಳಿಗೆ ಔಷಧ ಮಾಡಿಸಿದವರಿಗೆ ಸ್ವಂತ ಮಗ ದೂರವೇ ಉಳಿದನಲ್ಲ ಎಂದು ಈ ಭಾಗ ಓದುವಾಗ ನಮಗೆ ಬೇಸರವಾಗುತ್ತದೆ.

1936ರಲ್ಲಿ ತೀರಿಕೊಂಡಾಗ ಅವರ ಉಯಿಲಿನ ಪ್ರಕಾರ ಇಡೀ ಕಂಪನಿಯ ಷೇರುಗಳು ಒಂದು ಟ್ರಸ್ಟಿಗೆ ಸೇರಿದವು. ಲಾಭದ ಹಣ ವೈದ್ಯಕೀಯ ಸಂಶೋಧನೆಗೆ ಹೋಗಬೇಕಿತ್ತು. ಅದೇ ಇಂದಿನ ವೆಲ್ಕಮ್ ಟ್ರಸ್ಟ್. ಟ್ರಸ್ಟು ಮುಂದೆ ಷೇರುಗಳನ್ನು ಮಾರಿ, ಆ ಹಣವನ್ನು ಬೇರೆಡೆ ಹೂಡಿ ಬೆಳೆಸಿತು.

ನೈರೋಬಿಯಲ್ಲಿ ಕೇಂದ್ರ ಕಚೇರಿಯಿರುವ ಕೆಮ್ರಿ, ಅಂದರೆ ಕೆನ್ಯಾ ವೈದ್ಯಕೀಯ ಸಂಶೋಧನಾ ಸಂಸ್ಥೆ, 1989ರಲ್ಲಿ ಈ ಟ್ರಸ್ಟಿನ ಜೊತೆ ಸೇರಿ ಕಿಲಿಫಿಯ ಕೇಂದ್ರವನ್ನು ಆರಂಭಿಸಿತು. ತೀವ್ರ ಮಲೇರಿಯಾ ಆದ ಮಕ್ಕಳಿಗೆ ಆಗ ಗಂಟೆಗಟ್ಟಲೆ ಡ್ರಿಪ್ಪಿನಲ್ಲಿ ಕ್ವಿನೈನ್ ಕೊಡುತ್ತಿದ್ದರು. ಆರ್ಟೆಸುನೇಟ್ ಚುಚ್ಚುಮದ್ದು ಅದಕ್ಕಿಂತ ಒಳ್ಳೆಯದೇ ಎಂದು ತಿಳಿಯಲು 2005ರಿಂದ 2010ರವರೆಗೆ ಆಫ್ರಿಕಾದ 9 ದೇಶಗಳಲ್ಲಿ 5,425 ಮಕ್ಕಳ ಅಧ್ಯಯನ ನಡೆಯಿತು. ಹಣ ವೆಲ್ಕಮ್ ಟ್ರಸ್ಟಿನದು. ಕಿಲಿಫಿಯ ಮಕ್ಕಳೂ ಅದರಲ್ಲಿದ್ದರು. ಎರಡು ಗುಂಪುಗಳು ಸಮವಾಗಿದ್ದರೂ, ಕ್ವಿನೈನ್ ಪಡೆದವರಲ್ಲಿ 297 ಮಕ್ಕಳು ತೀರಿಕೊಂಡರೆ ಆರ್ಟೆಸುನೇಟ್ ಪಡೆದವರಲ್ಲಿ 230. ಮರುವರ್ಷ, 2011ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಕ್ಕಳಿಗೆ ಆರ್ಟೆಸುನೇಟನ್ನೇ ಕೊಡಬೇಕೆಂದು ಸೂಚಿಸಿತು.