ಮನೆಯಿಂದ ಹೊರಟ ಆಕಾಶವಾಣಿ

ಆಕಾಶವಾಣಿ ಅಂದರೆ ಸರ್ಕಾರದ ರೇಡಿಯೋ ಅಂತಲೇ ನಾವೆಲ್ಲ ತಿಳಿದಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೂ ಅಷ್ಟೇ ಗೊತ್ತಿತ್ತು. ಆದರೆ ಆ ಹೆಸರಿನ ಕೇಂದ್ರ 1935ರ ಸೆಪ್ಟೆಂಬರಿನಲ್ಲಿ ಶುರುವಾದದ್ದು ಮೈಸೂರಿನ ಒಬ್ಬ ಪ್ರೊಫೆಸರರ ಮನೆಯಲ್ಲಿ. ಅವರೇ ಡಾ. ಎಂ. ವಿ. ಗೋಪಾಲಸ್ವಾಮಿ.

1896ರಲ್ಲಿ ಹುಟ್ಟಿದ ಇವರು ಇಂಜಿನಿಯರಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ದೊಡ್ಡ ವಿದ್ವಾಂಸರ ಕೈಕೆಳಗೆ ಮನಃಶಾಸ್ತ್ರ ಕಲಿತು ಬಂದವರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ಪಾಠ ಹೇಳುವುದು ಕಸುಬು, ರೇಡಿಯೋ ಹವ್ಯಾಸ. ಅವರ ಮೊದಲ ಟ್ರಾನ್ಸ್‌ಮೀಟರಿನ ಶಕ್ತಿ ಬರೀ 30 ವ್ಯಾಟ್, ಒಂದು ಮಂದ ಬಲ್ಬಿನಷ್ಟು!

ಮನೆಯಲ್ಲೇ ಪ್ರಸಾರ ಮಾಡುವುದು ಎಷ್ಟು ತೊಡಕಿನ ಕೆಲಸ ಅಂತ ನನಗೆ ತಿಳಿಸಿದವರು ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿರುವ ಹ್ಯಾಮ್ ರೇಡಿಯೋದ ಅಂಕಲ್. ಮೈಕೂ ಟ್ರಾನ್ಸ್‌ಮೀಟರೂ ಹತ್ತಿರ ಹತ್ತಿರ ಇದ್ದರೆ, ಹೊರಗೆ ಹೋಗಬೇಕಾದ ಅಲೆ ಮೈಕಿನ ತಂತಿಯನ್ನೇ ಏರಿಯಲ್ ಮಾಡಿಕೊಂಡು ಆಂಪ್ಲಿಫೈಯರಿಗೆ ನುಗ್ಗುತ್ತದಂತೆ. ಆಗ ಮಾತು ಒಡೆದು ಗರಗರ ಅನ್ನುತ್ತದೆ. ಅದಕ್ಕೆ ತಂತಿಗೆ ಲೋಹದ ಹೆಣಿಗೆಯ ಹೊದಿಕೆ ಬೇಕು. ಆ ಹೊದಿಕೆಯನ್ನು ಲೋಹದ ಪೆಟ್ಟಿಗೆಗೆ ಬಿಗಿಯಾಗಿ ಸೇರಿಸಬೇಕು. ತಂತಿ ಗಿಡ್ಡವಿರಬೇಕು, ಏರಿಯಲ್ ದೂರವಿರಬೇಕು. ಅಂಕಲ್ ಆ ತಂತಿಯನ್ನು ಫೆರೈಟ್ ಉಂಗುರಕ್ಕೆ ನಾಲ್ಕಾರು ಸುತ್ತು ಸುತ್ತುತ್ತಾರೆ. ಮಾತಿನ ಕರೆಂಟು ಸಲೀಸಾಗಿ ದಾಟುತ್ತದೆ, ರೇಡಿಯೋ ಅಲೆ ಅಲ್ಲೇ ತಡೆಯುತ್ತದೆ. ಗೋಪಾಲಸ್ವಾಮಿಯವರ ಕಾಲದಲ್ಲಿ ಈ ಉಂಗುರದ ಅನುಕೂಲ ಇರಲಿಲ್ಲ. ಕೇಳುವವನಿಗೆ ಇದೊಂದೂ ಕಾಣುವುದಿಲ್ಲ, ಮಾತು ತಿಳಿಯಾಗಿದ್ದರೆ ಸಾಕು.

ಮುಂದೆ ಅವರು 250 ವ್ಯಾಟಿನ ಯಂತ್ರ ತರಿಸಿದರು. ಕಾಮರ್ಸ್ ಓದುವವನಾಗಿ ಹೇಳುತ್ತೇನೆ, ಇದು ಲಾಭದ ವ್ಯಾಪಾರ ಅಲ್ಲವೇ ಅಲ್ಲ. ಕೈಯಿಂದ ದುಡ್ಡು ಹಾಕಿ ನಡೆಸಿದ ಕೇಂದ್ರ ಅದು. 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಅದೇ ದಶಕದಲ್ಲಿ ಆಕಾಶವಾಣಿ ಎಂಬ ಹೆಸರು ಇಡೀ ದೇಶದ ರೇಡಿಯೋದ ಹೆಸರಾಯಿತು. 1957ರಲ್ಲಿ ಗೋಪಾಲಸ್ವಾಮಿಯವರು ತೀರಿಕೊಂಡರು.

ಡೆಬಿಟ್ಟು ಕ್ರೆಡಿಟ್ಟು ಬರೆಯುವವನಿಗೆ ರೇಡಿಯೋ ಯಾಕಪ್ಪಾ ಅಂತ ನನ್ನನ್ನು ಎಷ್ಟೋ ಜನ ಕೇಳುತ್ತಾರೆ. ಮನಸ್ಸಿನ ಶಾಸ್ತ್ರ ಹೇಳುವ ಮೇಷ್ಟ್ರಿಗೂ ರೇಡಿಯೋ ಬೇಕಿರಲಿಲ್ಲ. ಅವರು ಹಾಗಂದುಕೊಂಡು ಸುಮ್ಮನಿದ್ದಿದ್ದರೆ ಆ ಮನೆಯಿಂದ ಕನ್ನಡದ ದನಿ ಆಕಾಶಕ್ಕೆ ಏರುತ್ತಿರಲಿಲ್ಲ. ಸ್ನೇಹಿತರೇ, ನಮ್ಮ ನಮ್ಮ ಹವ್ಯಾಸಗಳನ್ನು ಪರೀಕ್ಷೆಯ ನೆಪ ಹೇಳಿ ಮೂಲೆಗೆ ತಳ್ಳುವುದು ಬೇಡ.