ಪೋರ್ಷೆ ಕಾರಿನ ಹಿಂಚಕ್ರ ತಿರುವಿನಲ್ಲಿ ಏಕೆ ಮಡಚುತ್ತಿತ್ತು?

ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯ ಕಡೆಯಿಂದ ಸಕಲೇಶಪುರದ ಬೆಟ್ಟಗಳತ್ತ ಮಳೆಗಾಲದಲ್ಲಿ ಹೊರಟರೆ ಪ್ರತಿ ತಿರುವಿನಲ್ಲೂ ಎಚ್ಚರ ಬೇಕು. ಇಂಥ ರಸ್ತೆಗಳ ವಿಷಯ ಬಂದಾಗ ಕಾರುಪ್ರಿಯರು ಎರಡು ಮಾತು ಹೇಳುವುದುಂಟು. ಒಂದು, ಕಾರನ್ನು ತಗ್ಗಿಸಿದರೆ ಸಾಕು, ಹಿಡಿತ ತಾನಾಗಿ ಬರುತ್ತದೆ. ಇನ್ನೊಂದು, ಹೆಸರಾಂತ ಕಂಪನಿಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್‌ನಲ್ಲಿ ತಿದ್ದಲು ಏನೂ ಇರುವುದಿಲ್ಲ. ಎರಡೂ ಅರ್ಧ ಸತ್ಯ. ಅದು ಹೇಗೆಂದು ತಿಳಿಯಲು ನಾವು ಫರ್ಡಿನಾಂಡ್ ಪೋರ್ಷೆ ಅವರ ಬದುಕನ್ನು ನೋಡೋಣ.

ತಗಡು ಕೆಲಸದವರ ಮಗ

ಪೋರ್ಷೆ ಹುಟ್ಟಿದ್ದು 1875ರ ಸೆಪ್ಟೆಂಬರ್ 3ರಂದು, ಬೊಹೇಮಿಯಾದ ಮಾಫರ್ಸ್‌ಡಾರ್ಫ್‌ನಲ್ಲಿ. ಈಗ ಅದು ಚೆಕ್ ಗಣರಾಜ್ಯಕ್ಕೆ ಸೇರಿದೆ. ತಂದೆಯದು ತಗಡು ಕೆಲಸ. ಹಗಲು ತಂದೆಗೆ ನೆರವಾಗುತ್ತಾ ಸಂಜೆ ತಾಂತ್ರಿಕ ಶಾಲೆಗೆ ಹೋಗುತ್ತಿದ್ದ ಹುಡುಗನಿಗೆ ವಿದ್ಯುತ್ತಿನ ಹುಚ್ಚು. ಚಕ್ರದೊಳಗೇ ಮೋಟಾರ್ ಕೂರಿಸಿದ ಅವರ ವಿದ್ಯುತ್ ವಾಹನ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಗಮನ ಸೆಳೆಯಿತು. ಆಗ ಅವರಿಗೆ 25ರ ಆಸುಪಾಸು.

1906ರಲ್ಲಿ ಆಸ್ಟ್ರೋ-ಡೈಮ್ಲರ್, 1923ರಲ್ಲಿ ಸ್ಟಟ್‌ಗಾರ್ಟ್‌ನ ಡೈಮ್ಲರ್, ಹೀಗೆ ದೊಡ್ಡ ಕಂಪನಿಗಳಲ್ಲಿ ದುಡಿದ ಅವರು 1931ರಲ್ಲಿ ಸ್ವಂತ ವಿನ್ಯಾಸ ಕಚೇರಿ ತೆರೆದರು. ಆಟೋ ಯೂನಿಯನ್ ರೇಸ್ ಕಾರು ಮತ್ತು ಮುಂದೆ ಬೀಟಲ್ ಎಂದು ಹೆಸರಾದ ಫೋಕ್ಸ್‌ವ್ಯಾಗನ್, ಎರಡೂ ಅಲ್ಲಿ ರೂಪುಗೊಂಡವು. ಎರಡರಲ್ಲೂ ಎಂಜಿನ್ ಚಾಲಕನ ಹಿಂದೆ; ಎರಡರ ಹಿಂಚಕ್ರಗಳಿಗೂ ಸ್ವಿಂಗ್ ಆಕ್ಸಲ್.

ಏನಿದು ಸ್ವಿಂಗ್ ಆಕ್ಸಲ್?

ಕಾಫಿ ತೋಟದ ಹಳೆಯ ಜೀಪನ್ನು ನೆನಪಿಸಿಕೊಳ್ಳಿ. ಅದರ ಎರಡೂ ಹಿಂಚಕ್ರಗಳಿಗೆ ಒಂದೇ ಗಟ್ಟಿ ಅಚ್ಚು. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದೂ ವಾಲುತ್ತದೆ. ಸ್ವಿಂಗ್ ಆಕ್ಸಲ್‌ನಲ್ಲಿ ಅಚ್ಚು ಎರಡು ಭಾಗ. ಪ್ರತಿ ಭಾಗವೂ ಗೇರ್‌ಬಾಕ್ಸ್ ಪಕ್ಕದಲ್ಲಿ ಕೀಲಿನಂತೆ ಆಡುತ್ತದೆ. ಚಕ್ರಗಳು ಬೇರೆ ಬೇರೆಯಾಗಿ ಗುಂಡಿ ದಾಟುತ್ತವೆ, ಭಾರ ಕಡಿಮೆ, ಖರ್ಚೂ ಕಡಿಮೆ. ಇದು ಪೋರ್ಷೆ ಅವರ ಶೋಧವಲ್ಲ. ಎಡ್ಮಂಡ್ ರುಂಪ್ಲರ್ 1903ರಲ್ಲೇ ಪೇಟೆಂಟ್ ಪಡೆದಿದ್ದರು.

ತೊಂದರೆ ಇರುವುದು ಇಲ್ಲಿ. ತೋಳನ್ನು ಪಕ್ಕಕ್ಕೆ ಚಾಚಿ ಮೇಲೆ ಕೆಳಗೆ ಆಡಿಸಿ. ಅಂಗೈ ಒಂದೇ ಕೋನದಲ್ಲಿ ಉಳಿಯುವುದಿಲ್ಲ. ಚಕ್ರವೂ ಹಾಗೆಯೇ ವಾಲುತ್ತದೆ. ಈ ವಾಲುವ ಕೋನವೇ ಕ್ಯಾಂಬರ್. ವೇಗವಾಗಿ ತಿರುಗುವಾಗ ಟೈರಿನ ಮೇಲಿನ ಅಡ್ಡ ಬಲ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಹಿಂಭಾಗ ಇನ್ನಷ್ಟು ಏಳುತ್ತದೆ. ಆಗ ಹೊರಬದಿಯ ಚಕ್ರದ ಬುಡ ಕಾರಿನಡಿಗೆ ಮಡಚಿ, ಟೈರಿನ ಅಂಚು ಮಾತ್ರ ನೆಲ ಮುಟ್ಟುತ್ತದೆ. ಹಿಡಿತ ತಪ್ಪಿ ಹಿಂಭಾಗ ಹೊರಕ್ಕೆ ಜಾರುತ್ತದೆ.

ರೇಸ್ ಪಟ್ಟಿಯಲ್ಲಿ ತಿದ್ದುಪಡಿ ಬೇಗ ಬಂತು. 1938ರ ಆಟೋ ಯೂನಿಯನ್ ಕಾರಿನಲ್ಲಿ ಸ್ವಿಂಗ್ ಆಕ್ಸಲ್ ಬಿಟ್ಟು, ಚಕ್ರಗಳನ್ನು ನೆಟ್ಟಗೆ ಹಿಡಿಯುವ ಡಿ ಡಿಯೋನ್ ಅಚ್ಚು ಹಾಕಲಾಯಿತು.

ಯುದ್ಧ, ಸೆರೆ, ಸಾವು

ಪೋರ್ಷೆ ಅವರ ಬದುಕಿನ ಕಪ್ಪು ಅಧ್ಯಾಯವನ್ನು ಬದಿಗಿಡುವಂತಿಲ್ಲ. ಜನರ ಕಾರಿನ ಯೋಜನೆ ಹಿಟ್ಲರ್ ಆಡಳಿತದ್ದು. 1937ರಲ್ಲಿ ಪೋರ್ಷೆ ನಾಜಿ ಪಕ್ಷ ಸೇರಿದರು. ಯುದ್ಧಕಾಲದಲ್ಲಿ ಅವರು ಮುಖ್ಯಸ್ಥರಲ್ಲೊಬ್ಬರಾಗಿದ್ದ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ಸುಮಾರು 20,000 ಜನರನ್ನು ಬಲವಂತವಾಗಿ ದುಡಿಸಲಾಯಿತು. ಕಾರಿಗಾಗಿ ಕಂತು ಕಟ್ಟಿದ ಜರ್ಮನ್ನರಿಗೆ ಕಾರೂ ಸಿಗಲಿಲ್ಲ. 1945ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಅವರನ್ನು ಬಂಧಿಸಿತು. ಸುಮಾರು 20 ತಿಂಗಳ ಸೆರೆವಾಸ. ಅವರು ಹೊರಬಂದ ಮೇಲೆ, 1948ರಲ್ಲಿ, ಮಗ ಫೆರಿ ನೇತೃತ್ವದಲ್ಲಿ ಮೊದಲ ಪೋರ್ಷೆ 356 ಸಿದ್ಧವಾಯಿತು. 1951ರ ಜನವರಿ 30ರಂದು ಅವರು ತೀರಿಕೊಂಡರು.

ಆಮೇಲೆ ಬಂದ ತಿದ್ದುಪಡಿ

356ರಲ್ಲಿ ಸ್ವಿಂಗ್ ಆಕ್ಸಲ್ ಉಳಿಯಿತು. ಅದರ ಗುಣ ಬಲ್ಲವರು ಪರಿಹಾರ ಹುಡುಕಿದರು. ಗೇರ್‌ಬಾಕ್ಸ್ ಕೆಳಗೆ ಅಡ್ಡಲಾಗಿ ಒಂದು ಪಟ್ಟಿ ಸ್ಪ್ರಿಂಗ್. ನಡುವೆ ಕೀಲು, ಎರಡು ತುದಿಗಳು ಎರಡು ಅಚ್ಚುಗಳ ಅಡಿಯಲ್ಲಿ. ಎರಡೂ ಚಕ್ರಗಳು ಒಟ್ಟಿಗೆ ಕೆಳಗಿಳಿಯದಂತೆ ಅದು ತಡೆಯುತ್ತದೆ. ಇದೇ ಕ್ಯಾಂಬರ್ ಕಾಂಪೆನ್ಸೇಟರ್. ಕ್ಯಾಲಿಫೋರ್ನಿಯಾದ ಎಂಪಿ ಕಂಪನಿ ಬೀಟಲ್ ಮಾಲೀಕರಿಗೆ ಇದನ್ನು ಬಿಡಿಯಾಗಿ ಮಾರಿತು. ಪೋರ್ಷೆ ಕಂಪನಿಯೇ 356ರ ಸೂಪರ್ 90 ಮಾದರಿಗೆ ಇದನ್ನು ಜೋಡಿಸಿತು. 1963ರಲ್ಲಿ ಜನರೆದುರು ಬಂದ 911ರಲ್ಲಿ ಸ್ವಿಂಗ್ ಆಕ್ಸಲ್ಲೇ ಇರಲಿಲ್ಲ.

ಹಾಗಾದರೆ ತಗ್ಗಿಸಬಹುದೇ?

ಸ್ವಿಂಗ್ ಆಕ್ಸಲ್ ಕಾರನ್ನು ತುಸು ತಗ್ಗಿಸಿದರೆ ಚಕ್ರದ ತಲೆ ಒಳಕ್ಕೆ ವಾಲಿ ನಿಜಕ್ಕೂ ಅನುಕೂಲವಾಗುತ್ತಿತ್ತು. ತಗ್ಗಿಸಿದರೆ ಸಾಕು ಎಂಬ ಮಾತಿನ ಸತ್ಯಾಂಶ ಇಷ್ಟೇ. ಸೆಮಿ ಟ್ರೇಲಿಂಗ್ ಆರ್ಮ್ ಇರುವ ಕಾರನ್ನು ತಗ್ಗಿಸಿದರೆ ಕ್ಯಾಂಬರ್ ಮಿತಿಮೀರಬಹುದು. ಚಕ್ರಗಳು ಮುಖ ಮಾಡುವ ದಿಕ್ಕು, ಅಂದರೆ ಟೋ ಕೂಡ ಬದಲಾಗಿ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಅದನ್ನು ಸರಿಪಡಿಸಲೆಂದೇ ಹೊಂದಿಸಬಲ್ಲ ಆರ್ಮ್‌ಗಳು, ಬುಷ್‌ಗಳು ಮಾರುಕಟ್ಟೆಯಲ್ಲಿವೆ. ನಮ್ಮ ಬಹುತೇಕ ಸಣ್ಣ ಕಾರುಗಳ ಹಿಂಬದಿಯಲ್ಲಿರುವ ಟ್ವಿಸ್ಟ್ ಬೀಮ್‌ನಲ್ಲಿ ಸಾಮಾನ್ಯವಾಗಿ ಇಂಥ ಹೊಂದಾಣಿಕೆಗೆ ಅವಕಾಶವಿಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು: ಸ್ಪ್ರಿಂಗ್ ಬದಲಿಸುವ ಮೊದಲು ನಿಮ್ಮ ಕಾರಿನ ಹಿಂಬದಿ ವ್ಯವಸ್ಥೆ ಯಾವುದೆಂದು ತಿಳಿದುಕೊಳ್ಳಿ. ಬದಲಿಸಿದ ಮೇಲೆ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಅಳೆಸಿ. ಒದ್ದೆ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನ ನಡುವೆ ಅಲ್ಲ.